ಹಳೆಯ ಚಿತ್ರದ ಹೊಸ ಡಿಸ್ಕ್: ಅಳೆದು ನೋಡುವ ಬಗೆ, ಅಭಿಪ್ರಾಯ ಬರೆಯುವ ಬಗೆ

"ಪ್ರಿಂಟ್ ಸೂಪರ್", "ಕ್ವಾಲಿಟಿ ಪರವಾಗಿಲ್ಲ", "ಕೊಟ್ಟ ಹಣಕ್ಕೆ ಮೋಸವಿಲ್ಲ". ಹಳೆಯ ಚಿತ್ರವೊಂದರ ಬ್ಲೂ-ರೇ ಬಗ್ಗೆ ಇಷ್ಟು ಓದಿದವರಿಗೆ ಗೊತ್ತಾಗುವುದು ಸೊನ್ನೆ. ವಿದೇಶದಿಂದ ತರಿಸುವ ಡಿಸ್ಕಿಗೆ ಸಾಗಣೆ, ಸುಂಕ ಎಲ್ಲ ಸೇರಿ ಸಾವಿರಾರು ರೂಪಾಯಿ ಬೀಳುವಾಗ ಇನ್ನಷ್ಟು ಖಚಿತವಾದ ಮಾತು ಬೇಕಾಗುತ್ತದೆ.

ತೆರೆಯ ಮೇಲೆ ಕಾಣುವ ಚಿತ್ರ ಐದು ಕೈ ದಾಟಿ ಬಂದಿರುತ್ತದೆ. ಯಾವ ಫಿಲ್ಮನ್ನು ಸ್ಕ್ಯಾನ್ ಮಾಡಬೇಕೆಂದು ಆರಿಸಿದವರು, ಸ್ಕ್ಯಾನ್ ಮಾಡಿ ಕೊಳೆ-ಗೀರು ತೆಗೆದವರು, ಬಣ್ಣ ತಿದ್ದಿದವರು, ಅದನ್ನು ಡಿಸ್ಕಿನ ಅಳತೆಗೆ ಕುಗ್ಗಿಸಿದವರು, ಕೊನೆಗೆ ನಿಮ್ಮ ಮನೆಯ ಪ್ಲೇಯರ್ ಮತ್ತು ಟಿವಿ. ಚಿತ್ರ ಸರಿಯಿಲ್ಲ ಅನ್ನಿಸಿದಾಗ ತಪ್ಪು ಈ ಐದರಲ್ಲಿ ಯಾರದ್ದು ಎಂದು ಹೇಳಬಲ್ಲವರ ಅಭಿಪ್ರಾಯವಷ್ಟೇ ಇನ್ನೊಬ್ಬರ ಉಪಯೋಗಕ್ಕೆ ಬರುತ್ತದೆ. ಕೊನೆಯ ಕೈಯಿಂದ ಶುರು ಮಾಡೋಣ. ನಮ್ಮ ಹಿಡಿತದಲ್ಲಿರುವುದು ಅದೊಂದೇ.

ಮೊದಲು ಟಿವಿ ಸರಿಮಾಡಿ

ಹೊಸ ಟಿವಿ ಡಬ್ಬಿಯಿಂದ ಹೊರಬರುವಾಗ ಅದರ ಸೆಟ್ಟಿಂಗ್ ಅಂಗಡಿಯ ಟ್ಯೂಬ್‌ಲೈಟ್ ಬೆಳಕಿಗೂ ಕ್ರಿಕೆಟ್ ಪಂದ್ಯಕ್ಕೂ ಹೊಂದುವಂತಿರುತ್ತದೆ, 1950ರ ದಶಕದ ಕಪ್ಪು-ಬಿಳುಪು ಚಿತ್ರಕ್ಕಲ್ಲ. ಈ ಕೆಲಸ ಹತ್ತು ನಿಮಿಷದ್ದು:

1. ಪಿಕ್ಚರ್ ಮೋಡ್‌ನಲ್ಲಿ ಫಿಲ್ಮ್‌ಮೇಕರ್ ಮೋಡ್ ಇದ್ದರೆ ಅದನ್ನೇ ಇಡಿ. ಇಲ್ಲದಿದ್ದರೆ ಸಿನಿಮಾ ಅಥವಾ ಮೂವಿ. ವಿವಿಡ್, ಡೈನಾಮಿಕ್ ಕಡೆ ತಲೆಹಾಕಬೇಡಿ.
2. ಚಲನೆಯನ್ನು ನಯ ಮಾಡುವ ಸೌಲಭ್ಯ ಪೂರ್ತಿ ಆರಿಸಿ. ಸೋನಿಯಲ್ಲಿ ಮೋಷನ್‌ಫ್ಲೋ, ಎಲ್‌ಜಿಯಲ್ಲಿ ಟ್ರೂಮೋಷನ್, ಸ್ಯಾಮ್‌ಸಂಗ್‌ನಲ್ಲಿ ಆಟೋ ಮೋಷನ್ ಪ್ಲಸ್ ಎಂದು ಹೆಸರು. ಇದು ಸೆಕೆಂಡಿನ 24 ಫ್ರೇಮುಗಳ ನಡುವೆ ತಾನೇ ಊಹಿಸಿದ ಫ್ರೇಮುಗಳನ್ನು ತುರುಕುತ್ತದೆ. ಸಿನಿಮಾ ಧಾರಾವಾಹಿಯ ಹಾಗೆ ಕಾಣುವುದು ಇದರಿಂದಲೇ.
3. ನಾಯ್ಸ್ ರಿಡಕ್ಷನ್ ಎಂಬ ಹೆಸರು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಆಫ್. ಪ್ಲೇಯರಿನ ಮೆನುವಿನಲ್ಲೂ ಒಂದಿರಬಹುದು, ಮರೆಯಬೇಡಿ.
4. ಶಾರ್ಪ್‌ನೆಸ್ ಬಹಳಷ್ಟು ಟಿವಿಗಳಲ್ಲಿ ಸೊನ್ನೆ ಅಥವಾ ಸೊನ್ನೆಯ ಹತ್ತಿರ ಇರಬೇಕು. ಸೋನಿಯಲ್ಲಿ ಮಾತ್ರ 50 ಎಂದರೆ ತಟಸ್ಥ. ಅದಕ್ಕಿಂತ ಇಳಿಸಿದರೆ ಚಿತ್ರ ಮಸುಕಾಗುತ್ತದೆ.
5. ಅಂಚು ಕತ್ತರಿಸುವುದನ್ನು ನಿಲ್ಲಿಸಿ. ಎಲ್‌ಜಿಯಲ್ಲಿ ಜಸ್ಟ್ ಸ್ಕ್ಯಾನ್, ಸ್ಯಾಮ್‌ಸಂಗ್‌ನಲ್ಲಿ ಫಿಟ್ ಟು ಸ್ಕ್ರೀನ್ ಆನ್ ಆಗಿರಲಿ.
6. ಬಣ್ಣದ ತಾಪ ವಾರ್ಮ್. ಮೊದಲ ಎರಡು ದಿನ ಎಲ್ಲವೂ ಹಳದಿ ಅನ್ನಿಸುತ್ತದೆ, ಆಮೇಲೆ ಹಳೆಯ ಸೆಟ್ಟಿಂಗೇ ನೀಲಿಯಾಗಿತ್ತು ಎಂದು ತಿಳಿಯುತ್ತದೆ.

ಪ್ಲೇಯರಿನಲ್ಲಿ 24ಪಿ (ಸೆಕೆಂಡಿಗೆ 24 ಫ್ರೇಮ್) ಔಟ್‌ಪುಟ್ ಆನ್ ಇರಲಿ. ಎಚ್‌ಡಿಎಂಐ ಬಣ್ಣದ ವ್ಯಾಪ್ತಿ (ಫುಲ್ ಅಥವಾ ಲಿಮಿಟೆಡ್) ಪ್ಲೇಯರಿನಲ್ಲೊಂದು, ಟಿವಿಯಲ್ಲೊಂದು ಇದ್ದರೆ ಕಪ್ಪು ಬೂದಿಯಾಗುತ್ತದೆ, ಇಲ್ಲವೇ ನೆರಳಿನ ವಿವರವೆಲ್ಲ ಮಸಿಯಲ್ಲಿ ಮುಳುಗುತ್ತದೆ. ಎರಡನ್ನೂ ಆಟೋದಲ್ಲಿಟ್ಟು ಗೊತ್ತಿರುವ ಒಂದು ಡಿಸ್ಕ್ ಹಾಕಿ ನೋಡಿ. "ಕಪ್ಪು ಸರಿಯಿಲ್ಲ" ಎಂಬ ದೂರುಗಳಲ್ಲಿ ಎಷ್ಟೋ ಈ ತಂತಿಯ ಎರಡು ತುದಿಯಲ್ಲೇ ಮುಗಿಯುತ್ತವೆ.

ಕೂರುವ ದೂರವೂ ಲೆಕ್ಕಕ್ಕೆ ಬರುತ್ತದೆ. 55 ಇಂಚಿನ ಟಿವಿಯ ಚಿತ್ರದ ಎತ್ತರ ಸುಮಾರು 68 ಸೆಂ.ಮೀ. ಸಾಧಾರಣ ಕಣ್ಣು 1080ಪಿಯ (ಬ್ಲೂ-ರೇಯ 1080 ಸಾಲುಗಳ) ಪೂರ್ತಿ ವಿವರ ಹಿಡಿಯಬೇಕಾದರೆ ಈ ಎತ್ತರದ ಮೂರು ಪಟ್ಟಿನೊಳಗೆ, ಅಂದರೆ ಎರಡು ಮೀಟರಿನ ಆಸುಪಾಸಿನಲ್ಲಿ ಕೂರಬೇಕು. 4ಕೆ ವಿವರಕ್ಕೆ ಅದರ ಅರ್ಧ. ನಾಲ್ಕು ಮೀಟರ್ ದೂರದ ಸೋಫಾದಿಂದ "4ಕೆಗೂ ಬ್ಲೂ-ರೇಗೂ ವ್ಯತ್ಯಾಸವೇ ಇಲ್ಲ" ಎಂದು ಬರೆದರೆ ಅದು ಸೋಫಾದ ವಿಮರ್ಶೆ.

ರೀಜನ್ ಎಂಬ ಬೀಗ

ಬ್ಲೂ-ರೇಗೆ ಮೂರು ರೀಜನ್. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ತೈವಾನ್, ಆಗ್ನೇಯ ಏಷ್ಯಾ 'ಎ'. ಯುರೋಪ್, ಆಫ್ರಿಕಾ, ಮಧ್ಯಪ್ರಾಚ್ಯ, ಆಸ್ಟ್ರೇಲಿಯಾ 'ಬಿ'. ಭಾರತ, ಚೀನಾ, ರಷ್ಯಾ 'ಸಿ'. ಬೆಂಗಳೂರಿನ ಅಂಗಡಿಯಲ್ಲಿ ಕೊಂಡ ಪ್ಲೇಯರ್ 'ಸಿ'ಯದು. ಕಲಾತ್ಮಕ ಚಿತ್ರಗಳ ಡಿಸ್ಕ್ ತರುವ ಹೆಸರಾಂತ ಸಂಸ್ಥೆಗಳೆಲ್ಲ ಇರುವುದು 'ಎ' ಮತ್ತು 'ಬಿ'ಯಲ್ಲಿ. ಅಮೆರಿಕದ ಕ್ರೈಟೀರಿಯನ್, ಕೀನೋ ಲಾರ್ಬರ್ ಡಿಸ್ಕುಗಳು ಬಹುತೇಕ 'ಎ'ಗೆ ಬೀಗ ಹಾಕಿದವು. ಬ್ರಿಟನ್ನಿನ ಬಿಎಫ್‌ಐ, ಯುರೇಕಾದ ಮಾಸ್ಟರ್ಸ್ ಆಫ್ ಸಿನಿಮಾ ಬಹುತೇಕ 'ಬಿ'. ಸೆಕೆಂಡ್ ರನ್ ಸಂಸ್ಥೆಯ ಹಲವು ಡಿಸ್ಕುಗಳಿಗೆ ಬೀಗವೇ ಇಲ್ಲ, ಎ-ಬಿ-ಸಿ ಮೂರಕ್ಕೂ ಓಡುತ್ತವೆ.

4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ರೀಜನ್ ಇಲ್ಲ. ಆದರೆ ಇಲ್ಲೊಂದು ಉರುಳಿದೆ. 4ಕೆ ಪೆಟ್ಟಿಗೆಯೊಳಗೆ ಜೊತೆಗೆ ಬರುವ ಬ್ಲೂ-ರೇಗೆ ಹಲವು ಸಲ ಬೀಗ ಇರುತ್ತದೆ, ಸಂದರ್ಶನ, ಸಾಕ್ಷ್ಯಚಿತ್ರ ಮುಂತಾದ ಹೆಚ್ಚುವರಿ ಸರಕು ಸಾಮಾನ್ಯವಾಗಿ ಇರುವುದು ಆ ಬ್ಲೂ-ರೇಯಲ್ಲೇ. ಆಗ ಸಿನಿಮಾ ಓಡುತ್ತದೆ, ಮಿಕ್ಕಿದ್ದು ಓಡುವುದಿಲ್ಲ. ಅಲ್ಲದೆ ಕೆಲವು ದೊಡ್ಡ ಸ್ಟುಡಿಯೋಗಳು 4ಕೆ ಜೊತೆ ಹತ್ತು ವರ್ಷ ಹಳೆಯ ಮಾಸ್ಟರಿನ (ಡಿಸ್ಕ್ ತಯಾರಿಸಲು ಬಳಸುವ ಮೂಲ ಪ್ರತಿಯ) ಬ್ಲೂ-ರೇಯನ್ನೇ ಇಟ್ಟು ಕೊಡುತ್ತವೆ. ಹೊಸ ಪೆಟ್ಟಿಗೆ ಎಂದ ಮಾತ್ರಕ್ಕೆ ಒಳಗಿನ ಎರಡೂ ಡಿಸ್ಕ್ ಹೊಸದಲ್ಲ.

ಬೀಗ ತೆಗೆದ ಪ್ಲೇಯರ್ ಕೊಳ್ಳುವವರು ಮೂರು ವಿಷಯ ಕೇಳಿ ತಿಳಿಯಿರಿ. ಒಂದು, ಡಿವಿಡಿಗೆ ಮಾತ್ರ ಬೀಗ ತೆಗೆದಿದ್ದಾರೋ, ಬ್ಲೂ-ರೇಗೂ ತೆಗೆದಿದ್ದಾರೋ. ಡಿವಿಡಿಯದು ಕೆಲವೊಮ್ಮೆ ರಿಮೋಟಿನ ಗುಂಡಿಗಳಿಂದಲೇ ಆಗುತ್ತದೆ, ಬ್ಲೂ-ರೇಗೆ ಸಾಮಾನ್ಯವಾಗಿ ಒಳಗೆ ಚಿಪ್ ಕೂರಿಸಬೇಕು. ಎರಡು, ಅಡಾಪ್ಟರ್ ಮೇಲೆ 100–240 ವೋಲ್ಟ್ ಎಂದಿದೆಯೋ, ಬರೀ 110 ಎಂದಿದೆಯೋ. ಮೂರು, ಫರ್ಮ್‌ವೇರ್ ಅಪ್‌ಡೇಟ್ ಮಾಡಿದರೆ ಬೀಗ ಮತ್ತೆ ಬೀಳುತ್ತದೆಯೋ. ಈ ಮೂರನೆಯದನ್ನು ಕೇಳದೆ ಪ್ಲೇಯರನ್ನು ವೈಫೈಗೆ ಸೇರಿಸಬೇಡಿ.

ಅಮೆರಿಕದಲ್ಲಿರುವ ಕನ್ನಡಿಗರಿಗೆ ಇದರ ತಿರುವುಮುರುವು ಸಮಸ್ಯೆ. ಬ್ರಿಟನ್ನಿನ ಡಿಸ್ಕಿನ ಹೆಚ್ಚುವರಿ ಭಾಗ ಎಷ್ಟೋ ಸಲ ಸೆಕೆಂಡಿಗೆ 25 ಫ್ರೇಮಿನ ಪಾಲ್ ಪದ್ಧತಿಯಲ್ಲಿರುತ್ತದೆ. ಅಲ್ಲಿನ ಅನೇಕ ಪ್ಲೇಯರ್, ಟಿವಿಗಳಿಗೆ ಅದು ಅರಗುವುದಿಲ್ಲ. ನಮ್ಮ ದೇಶದ ಟಿವಿಗಳಿಗೆ 50 ಹರ್ಟ್ಸ್, 60 ಹರ್ಟ್ಸ್ ಎರಡೂ ಆಗುತ್ತದೆ.

ಹಣದ ಲೆಕ್ಕ: ಸುಂಕ ಹಾಕುವುದು ಡಿಸ್ಕಿನ ಬೆಲೆಗೆ ಮಾತ್ರವಲ್ಲ, ಸಾಗಣೆ ವೆಚ್ಚವೂ ಸೇರಿದ ಮೊತ್ತಕ್ಕೆ. ಬ್ರಿಟನ್ನಿನ ಬೆಲೆಯಲ್ಲಿ ಅಡಗಿರುವ ಶೇ. 20 ವ್ಯಾಟನ್ನು ಹೊರದೇಶದ ಗಿರಾಕಿಗೆ ಕಳೆದು ಕೊಡುವ ಅಂಗಡಿಗಳಿವೆ. ಹಣ ಕಟ್ಟುವ ಮುನ್ನ ಆ ಸಾಲು ನೋಡಿ. ಅಗ್ಗದ ದಾರಿ ಹಳೆಯದೇ, ಊರಿಗೆ ಬರುವವರ ಸೂಟ್‌ಕೇಸು. ಕ್ರೈಟೀರಿಯನ್ ಡಿಸ್ಕುಗಳು ಅರ್ಧ ಬೆಲೆಗೆ ಸಿಗುವ ಮಾರಾಟ ವರ್ಷಕ್ಕೆ ಕೆಲವು ಸಲ ಇರುತ್ತದೆ, ಅಮೆರಿಕದ ಪುಸ್ತಕದಂಗಡಿ ಬಾರ್ನ್ಸ್ ಆಂಡ್ ನೋಬಲ್‌ನಲ್ಲಿ ಅದು ಸಾಮಾನ್ಯವಾಗಿ ಜುಲೈ ಮತ್ತು ನವೆಂಬರಿನಲ್ಲಿ. ಪಟ್ಟಿಯನ್ನು ಆಗ ಕಳಿಸಿ.

ಮೂಲ ಯಾವುದು?

ಹೊದಿಕೆಯ ಮೇಲೆ "ರೀಮಾಸ್ಟರ್ಡ್" ಎಂದಿದ್ದರೆ ಅದಕ್ಕೆ ಅರ್ಥವಿಲ್ಲ. "ಎಚ್‌ಡಿ" ಎಂದರೂ ಅಷ್ಟೇ. ಹುಡುಕಬೇಕಾದ ಮಾತು "ಮೂಲ ಕ್ಯಾಮೆರಾ ನೆಗೆಟಿವ್‌ನಿಂದ". ಕ್ಯಾಮೆರಾದೊಳಗೆ ಓಡಿದ ನೆಗೆಟಿವ್‌ನಿಂದ ಇಂಟರ್‌ಪಾಸಿಟಿವ್, ಅದರಿಂದ ಡ್ಯೂಪ್ ನೆಗೆಟಿವ್, ಅದರಿಂದ ಥಿಯೇಟರ್ ಪ್ರಿಂಟ್. ಮೊಸರಿಗೆ ನೀರು ಬೆರೆಸುತ್ತಾ ಹೋದಂತೆ ಹಂತ ಹಂತಕ್ಕೂ ವಿವರ ತೆಳುವಾಗುತ್ತದೆ, ಗ್ರೇನ್ (ಫಿಲ್ಮಿನ ಕಣಗಳು) ಮತ್ತು ಕಾಂಟ್ರಾಸ್ಟ್ ಏರುತ್ತವೆ. ಪ್ರಿಂಟಿನಿಂದ ಮಾಡಿದ 4ಕೆಗಿಂತ ನೆಗೆಟಿವ್‌ನಿಂದ ಮಾಡಿದ 2ಕೆ ಸಾಮಾನ್ಯವಾಗಿ ಮೇಲು. "4ಕೆ ಸ್ಕ್ಯಾನ್" ಎಂದರೆ "4ಕೆ ರೆಸ್ಟೊರೇಷನ್" (ಪುನರುದ್ಧಾರ) ಎಂದಲ್ಲ ಎಂಬುದೂ ನೆನಪಿರಲಿ; 4ಕೆಯಲ್ಲಿ ಸ್ಕ್ಯಾನ್ ಮಾಡಿ ಮುಂದಿನ ಕೆಲಸವೆಲ್ಲ 2ಕೆಯಲ್ಲಿ ಮುಗಿಸಿರಬಹುದು.

ನೆಗೆಟಿವ್ ಉಳಿದಿಲ್ಲದಿದ್ದರೆ ಸಿಕ್ಕಿದ್ದರಲ್ಲೇ ಜೋಡಿಸಬೇಕು. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯದ ನೆಗೆಟಿವ್‌ಗಳು 1993ರಲ್ಲಿ ಲಂಡನ್ನಿನ ಹೆಂಡರ್ಸನ್ಸ್ ಲ್ಯಾಬಿನ ಬೆಂಕಿಗೆ ಸಿಕ್ಕಿ ಸುಟ್ಟವು. ಕ್ರೈಟೀರಿಯನ್ ಮತ್ತು ಅಕಾಡೆಮಿ ಫಿಲ್ಮ್ ಆರ್ಕೈವ್ ಸೇರಿ ಆ ಸುಟ್ಟ ಸುರುಳಿಗಳನ್ನು ಇಟಲಿಯ ಬೊಲೊನ್ಯಾದ ಲಿಮ್ಮಾಜಿನೆ ರಿತ್ರೊವಾತಾ ಪ್ರಯೋಗಾಲಯಕ್ಕೆ ಕಳಿಸಿದವು. ಸುಕ್ಕುಗಟ್ಟಿದ ಫಿಲ್ಮಿಗೆ ಮತ್ತೆ ತೇವ ಕೊಟ್ಟು, ರಂಧ್ರಗಳನ್ನು ಕೈಯಿಂದ ತಿದ್ದಿ, ಆಗದ ಭಾಗಗಳಿಗೆ ಬೇರೆ ಮೂಲ ಬಳಸಿ 2015ರಲ್ಲಿ ಚಿತ್ರಗಳನ್ನು ಹೊರತಂದರು. ಹೀಗಾಗಿ ಒಂದೇ ಚಿತ್ರದೊಳಗೆ ಒಂದು ಶಾಟ್ ನಿಚ್ಚಳ, ಮುಂದಿನದು ಮೆತ್ತಗೆ. ಇಂಥ ಏರಿಳಿತ ಕಂಡಾಗ ಡಿಸ್ಕಿನ ತಪ್ಪೆಂದು ಬರೆಯುವ ಮುನ್ನ ಪುಸ್ತಿಕೆಯ ಕೊನೆಯ ಪುಟದ "ಟ್ರಾನ್ಸ್‌ಫರ್ ಬಗ್ಗೆ" ಎಂಬ ಟಿಪ್ಪಣಿ ಓದಿ. ಯಾವ ಮೂಲ, ಯಾವ ಪ್ರಯೋಗಾಲಯ, ಯಾರ ಮೇಲ್ವಿಚಾರಣೆ ಎಲ್ಲ ಅಲ್ಲಿರುತ್ತದೆ. ಅಂಥ ಟಿಪ್ಪಣಿಯೇ ಇಲ್ಲದ ಡಿಸ್ಕನ್ನು ಸ್ವಲ್ಪ ಅನುಮಾನದಿಂದ ನೋಡುವುದು ಕ್ಷೇಮ.

ರೆಸ್ಟೊರೇಷನ್ ಸುದ್ದಿಗೂ ಡಿಸ್ಕಿಗೂ ನಡುವೆ ದೂರವಿದೆ. ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977) ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಷನ್ ಮತ್ತು ಅಮೆರಿಕದ ನಿರ್ದೇಶಕ ಮಾರ್ಟಿನ್ ಸ್ಕಾರ್ಸೇಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನರುದ್ಧಾರ ಮಾಡಿ 2024ರ ವೆನಿಸ್ ಉತ್ಸವದಲ್ಲಿ ತೋರಿಸಿದವು. ಉತ್ಸವದಲ್ಲಿ ತೋರಿಸುವುದು ಒಂದು ಕೆಲಸ, ಹಕ್ಕು ಪಡೆದು ಡಿಸ್ಕ್ ಒತ್ತುವುದು ಇನ್ನೊಂದು. ಈ ಪ್ರಾಜೆಕ್ಟಿನ ಚಿತ್ರಗಳು ಕ್ರೈಟೀರಿಯನ್‌ನ ಪೆಟ್ಟಿಗೆಗಳಲ್ಲಿ ಗುಂಪಾಗಿ ಬರುವುದುಂಟು. ಋತ್ವಿಕ್ ಘಟಕ್ ಅವರ 'ತಿತಾಸ್ ಏಕ್ಟಿ ನದಿರ್ ನಾಮ್' 2013ರ ಮೊದಲ ಪೆಟ್ಟಿಗೆಯಲ್ಲಿತ್ತು, ಉದಯಶಂಕರರ 'ಕಲ್ಪನಾ' (1948) ನಾಲ್ಕನೆಯದರಲ್ಲಿ.

ನಕಲಿಗಳ ಬಗ್ಗೆಯೂ ಒಂದು ಮಾತು. ಯಾರೂ ಕೇಳದ ಹೆಸರಿನ ಸಂಸ್ಥೆ, ಅಪರೂಪದ ಚಿತ್ರ, ಬೇರೆಲ್ಲೂ ಇಲ್ಲದ ಬ್ಲೂ-ರೇ ಎಂದಾದರೆ ಡಿಸ್ಕಿನ ಅಡಿ ನೋಡಿ. ಕಾರ್ಖಾನೆಯಲ್ಲಿ ಒತ್ತಿದ ಡಿಸ್ಕಿನ ನಡುವಿನ ಉಂಗುರದಲ್ಲಿ ಐಎಫ್‌ಪಿಐ ಎಂದು ಶುರುವಾಗುವ ಸಣ್ಣ ಕೋಡ್ ಕೆತ್ತಿರುತ್ತದೆ. ಕಂಪ್ಯೂಟರಿನಲ್ಲಿ ಬರೆದ ಡಿಸ್ಕಿನ ಅಡಿ ಬಣ್ಣವೇ ಬೇರೆ. ಒಳಗಿರುವುದು ಹೆಚ್ಚಾಗಿ ಹಿಗ್ಗಿಸಿದ ಡಿವಿಡಿ.

ಗ್ರೇನ್: ಅತಿ ಹೆಚ್ಚು ತಪ್ಪು ತೀರ್ಪು ಬೀಳುವ ಜಾಗ

"ಚಿತ್ರದ ತುಂಬ ಚುಕ್ಕಿ, ನಾಯ್ಸ್" ಎಂಬ ದೂರು ಬಹುಪಾಲು ಹೊಗಳಿಕೆ. ಫಿಲ್ಮಿನ ಮೇಲೆ ಚಿತ್ರ ಮೂಡುವುದೇ ಬೆಳ್ಳಿಯ ಲವಣದ ಕಣಗಳಿಂದ. ಮುಖದ ಸುಕ್ಕು, ಸೀರೆಯ ನೇಯ್ಗೆ, ಗೋಡೆಯ ಸುಣ್ಣ ಎಲ್ಲವೂ ಆ ಕಣಗಳಲ್ಲೇ ಬರೆದಿದೆ. ಕಣ ಅಳಿಸಿದರೆ ಅವೂ ಅಳಿಯುತ್ತವೆ. ಡಿಎನ್‌ಆರ್ (ಡಿಜಿಟಲ್ ನಾಯ್ಸ್ ರಿಡಕ್ಷನ್) ಎಂಬ ಕಣ ಅಳಿಸುವ ತಂತ್ರಾಂಶವನ್ನು ಜೋರಾಗಿ ಓಡಿಸಿದ ಚಿತ್ರದಲ್ಲಿ ನಟರು ಮೇಣದ ಗೊಂಬೆಗಳಾಗುತ್ತಾರೆ. 'ಸ್ಪಾರ್ಟಕಸ್'ನ 2010ರ ಬ್ಲೂ-ರೇ ಇದಕ್ಕೆ ಕುಖ್ಯಾತ. 2015ರಲ್ಲಿ ಅದೇ ಸ್ಟುಡಿಯೋ ಹೊಸ ಸ್ಕ್ಯಾನಿನಿಂದ ಮತ್ತೊಂದು ಡಿಸ್ಕ್ ತಂದು ತಪ್ಪು ತಿದ್ದಿಕೊಂಡಿತು. ಎರಡರಿಂದ ಒಂದೊಂದು ಫ್ರೇಮ್ ಅಕ್ಕಪಕ್ಕ ಇಟ್ಟು ನೋಡಿದರೆ ಮುಂದೆ ಯಾವ ಡಿಸ್ಕಿನಲ್ಲೂ ಮೇಣವನ್ನು ಗುರುತು ಹಿಡಿಯುತ್ತೀರಿ.

ಪರೀಕ್ಷೆ ಹೀಗೆ. ಕ್ಯಾಮೆರಾ ಅಲುಗಾಡದ, ಹಿಂದೆ ಬರಿ ಗೋಡೆಯೋ ಆಕಾಶವೋ ಇರುವ ಶಾಟ್ ಆರಿಸಿ. ನಿಲ್ಲಿಸಿ, ಒಂದೊಂದೇ ಫ್ರೇಮ್ ಮುಂದೆ ಸರಿಸಿ, ಐದಾರು ಫ್ರೇಮ್ ನೋಡಿ. ಪ್ರತಿ ಫ್ರೇಮಿನಲ್ಲೂ ಕಣಗಳ ವಿನ್ಯಾಸ ಬದಲಾಗಬೇಕು. ನಟ ಅಲುಗಾಡುತ್ತಿದ್ದರೂ ಹಿಂದಿನ ಗೋಡೆಯ ಕಣಗಳು ಅಂಟಿಸಿದಂತೆ ನಿಂತಿದ್ದರೆ ಡಿಎನ್‌ಆರ್ ಓಡಿದೆ, ಇಲ್ಲವೇ ಎನ್‌ಕೋಡಿಂಗಿನಲ್ಲಿ, ಅಂದರೆ ಡಿಸ್ಕಿನ ಅಳತೆಗೆ ಕುಗ್ಗಿಸುವಾಗ, ಜಿಪುಣತನ ಆಗಿದೆ. ಕಣಗಳು ಸಣ್ಣ ಚೌಕಗಳಾಗಿ ಗುಂಪುಗೂಡಿದ್ದರೆ ಅದು ಎನ್‌ಕೋಡಿಂಗಿನದೇ. ಮಂಜು, ಹೊಗೆ, ಫೇಡ್-ಔಟ್, ಕತ್ತಲ ಮೂಲೆ, ಈ ನಾಲ್ಕು ಜಾಗದಲ್ಲಿ ಅದು ಬೇಗ ಸಿಕ್ಕಿಬೀಳುತ್ತದೆ.

ಇನ್ನೊಂದು ರೋಗ ಅಂಚು ಹರಿತ ಮಾಡುವುದು. ಬಿಳಿ ಆಕಾಶಕ್ಕೆ ಎದುರಾಗಿ ನಿಂತ ಮರದ ಕೊಂಬೆ, ಶೀರ್ಷಿಕೆಯ ಅಕ್ಷರ, ಕೋಟಿನ ಹೆಗಲು ನೋಡಿ. ಅಂಚಿನುದ್ದಕ್ಕೂ ತೆಳ್ಳನೆಯ ಬಿಳಿ ಗೆರೆ ಇದ್ದರೆ ಅದು ಕೃತಕ. ಡಿವಿಡಿ ಕಾಲದ ಮಾಸ್ಟರುಗಳಲ್ಲಿ ಇದು ಧಾರಾಳ.

ಕೆಲವು ಕಡೆ ಮಾತ್ರ ಸುಮ್ಮನಿರಬೇಕು. ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಡಿಸಾಲ್ವ್‌ಗೆ ಕೆಲವು ಸೆಕೆಂಡು ಮೊದಲೇ ಚಿತ್ರ ಇದ್ದಕ್ಕಿದ್ದಂತೆ ಮೆತ್ತಗಾಗಿ ಗ್ರೇನ್ ಏರುವುದು ಸಹಜ. ಆಗಿನ ಕಾಲದಲ್ಲಿ ಡಿಸಾಲ್ವ್, ಶೀರ್ಷಿಕೆಗಳನ್ನು ಆಪ್ಟಿಕಲ್ ಪ್ರಿಂಟರಿನಲ್ಲಿ ಮತ್ತೆ ಪ್ರತಿ ತೆಗೆದು ಮಾಡುತ್ತಿದ್ದರು. ಮೂಲ ನೆಗೆಟಿವ್‌ನಲ್ಲೇ ಆ ತುಣುಕು ಪ್ರತಿ ತೆಗೆದದ್ದು.

ಬಣ್ಣ ಮತ್ತು "ನಿರ್ದೇಶಕರ ಒಪ್ಪಿಗೆ"

ಈಸ್ಟ್‌ಮನ್ ಕಲರ್ ಫಿಲ್ಮಿನ ಬಣ್ಣ, ನೆಗೆಟಿವ್‌ನಲ್ಲೂ ಪ್ರಿಂಟಿನಲ್ಲೂ, ಕಾಲ ಕಳೆದಂತೆ ಮಾಸುತ್ತದೆ, ಹಳೆಯ ಪ್ರಿಂಟುಗಳು ಗುಲಾಬಿಯಾಗುವುದು ಅದಕ್ಕೇ. ಬಣ್ಣ ತಿದ್ದುವವರ ಮುಂದೆ ನಂಬಬಹುದಾದ ಹಳೆಯ ಪ್ರಿಂಟ್ ಇಲ್ಲದಿದ್ದರೆ ಅವರ ಕಣ್ಣೇ ಪ್ರಮಾಣ. ಕಳೆದ ದಶಕದ ಹಲವು ಯುರೋಪಿಯನ್ ರೆಸ್ಟೊರೇಷನ್‌ಗಳಿಗೆ ಹಳದಿ ಛಾಯೆ ಬಂದಿದ್ದರ ಬಗ್ಗೆ ಸಂಗ್ರಾಹಕರ ಜಗಳ ಇನ್ನೂ ನಿಂತಿಲ್ಲ. 'ದಿ ಗುಡ್, ದಿ ಬ್ಯಾಡ್ ಆಂಡ್ ದಿ ಅಗ್ಲಿ'ಯ 2014ರ ಬ್ಲೂ-ರೇಯಲ್ಲಿ ಆಕಾಶವೂ ಹಳದಿಗೆ ತಿರುಗಿತ್ತು. 2017ರಲ್ಲಿ ಕೀನೋ ಲಾರ್ಬರ್ ಆ ಬಣ್ಣವನ್ನು ತಿದ್ದಿ ಬೇರೆ ಆವೃತ್ತಿ ತಂದಿತು.

ಪತ್ತೆಗೆ ಸರಳ ಉಪಾಯ: ಬೆಳ್ಳಗಿರಲೇಬೇಕಾದ ವಸ್ತು ಹುಡುಕಿ. ಕಾಗದ, ಹಾಲು, ಹಿಮ, ಒಗೆದ ಪಂಚೆ. ಸಂಜೆಯ ದೃಶ್ಯದಲ್ಲಿ ಅವು ಹಳದಿಯಾದರೆ ಸರಿ. ನಡುಹಗಲು, ರಾತ್ರಿ, ಒಳಾಂಗಣ ಎಲ್ಲೆಡೆ ಒಂದೇ ಹಳದಿ ಇದ್ದು, ಇಡೀ ಚಿತ್ರದಲ್ಲಿ ಶುದ್ಧ ನೀಲಿ ಒಂದೂ ಕಾಣದಿದ್ದರೆ ಮೇಲಿನಿಂದ ಬಣ್ಣ ಬಳಿದಿದ್ದಾರೆ ಎಂದರ್ಥ.

ನಿರ್ದೇಶಕರು ಒಪ್ಪಿದ್ದಾರೆ ಎಂಬುದು ಚಿತ್ರ ಮೊದಲು ಹಾಗೇ ಇತ್ತು ಎಂಬುದಕ್ಕೆ ಪುರಾವೆಯಲ್ಲ. ಹಾಂಗ್‌ಕಾಂಗಿನ ನಿರ್ದೇಶಕ ವಾಂಗ್ ಕಾರ್-ವಾಯ್ ತಮ್ಮ ಚಿತ್ರಗಳ ಹೊಸ 4ಕೆ ಆವೃತ್ತಿಗಳಲ್ಲಿ ಬಣ್ಣ ಬದಲಿಸಿದರು, 'ಫಾಲನ್ ಏಂಜಲ್ಸ್'ನ ಚೌಕಟ್ಟನ್ನೇ 1.85ರಿಂದ (ಅಗಲ ಎತ್ತರದ 1.85 ಪಟ್ಟು) ಇನ್ನೂ ಅಗಲವಾದ ಸ್ಕೋಪ್‌ಗೆ ತಂದರು. ಅದು ಅವರ ಹಕ್ಕು. ಆದರೆ ಬಿಡುಗಡೆಯ ದಿನ ಜನ ನೋಡಿದ ಚಿತ್ರ ಬೇಕೆನ್ನುವವರು ಹಳೆಯ ಡಿಸ್ಕನ್ನು ಮಾರಿಬಿಡುವ ಮುನ್ನ ಎರಡು ಸಲ ಯೋಚಿಸಲಿ.

ಎಚ್‌ಡಿಆರ್ (ಬೆಳಕು-ನೆರಳಿನ ವ್ಯಾಪ್ತಿ ಹಿಗ್ಗಿಸುವ ಪದ್ಧತಿ) ಬಗ್ಗೆ: ಹಳೆಯ ಚಿತ್ರಕ್ಕೆ ಅದರ ಲಾಭ ಕಣ್ಣು ಕುಕ್ಕುವ ಬೆಳಕಲ್ಲ, ನೆರಳಿನಿಂದ ಬೆಳಕಿಗೆ ಹೋಗುವ ಮೆಟ್ಟಿಲುಗಳು ಹೆಚ್ಚುವುದು. ಬೆಳಕು ಕಡಿಮೆಯಿರುವ ಅಗ್ಗದ 4ಕೆ ಟಿವಿಯಲ್ಲಿ ಎಚ್‌ಡಿಆರ್ ಚಿತ್ರ ಮಂಕಾಗಿ, ಅದೇ ಮಾಸ್ಟರಿನ ಬ್ಲೂ-ರೇಯೇ ಚೆನ್ನಾಗಿ ಕಾಣಬಹುದು.

ಚೌಕಟ್ಟು, ಓಟದ ಅವಧಿ

ಟಿವಿಯ ಚೌಕಟ್ಟು 1.78. ಹಳೆಯ ಚಿತ್ರಗಳು ಬಹುತೇಕ ಅಲ್ಲ. 1.37ರ ಚಿತ್ರ 1080ಪಿ ತೆರೆಯಲ್ಲಿ ಸುಮಾರು 1480 ಪಿಕ್ಸೆಲ್ ಅಗಲ ನಿಂತು ಎಡಬಲ ಕಪ್ಪು ಪಟ್ಟಿ ಬಿಡಬೇಕು, 2.35ರದು ಸುಮಾರು 817 ಸಾಲು ಹಿಡಿದು ಮೇಲೆ-ಕೆಳಗೆ ಬಿಡಬೇಕು. ಟಿವಿ ತುಂಬಬೇಕೆಂದು 1.37ರ ಚಿತ್ರವನ್ನು ಹಿಗ್ಗಿಸಿದರೆ ಎತ್ತರದ ಕಾಲುಭಾಗಕ್ಕೆ ಹತ್ತಿರ ಕತ್ತರಿ ಬೀಳುತ್ತದೆ. ಹಳೆಯ ಕನ್ನಡ ಚಿತ್ರಗಳನ್ನು ವಾಹಿನಿಗಳಲ್ಲಿ ನೋಡುವವರಿಗೆ ತಲೆ ಕತ್ತರಿಸಿದ ನಾಯಕರು ಹೊಸಬರಲ್ಲ.

ಕುಬ್ರಿಕ್ ಅವರ 'ಬ್ಯಾರಿ ಲಿಂಡನ್' (1975) 2011ರಲ್ಲಿ 1.78ರ ಬ್ಲೂ-ರೇಯಾಗಿ ಬಂದಾಗ ದೊಡ್ಡ ಗದ್ದಲವಾಯಿತು. ಚಿತ್ರವನ್ನು 1.66ರಲ್ಲಿ ತೋರಿಸಿ ಎಂದು ಅವರೇ ಪ್ರೊಜೆಕ್ಷನಿಸ್ಟರಿಗೆ ಬರೆದ ಪತ್ರ ಬೆಳಕಿಗೆ ಬಂತು. 2017ರ ಕ್ರೈಟೀರಿಯನ್ ಡಿಸ್ಕ್ 1.66ರದ್ದು. ಚೌಕಟ್ಟಿನ ಚರ್ಚೆ ಬಂದಾಗ ಇಂಥ ದಾಖಲೆ ಮುಖ್ಯ. "ನನಗೆ ಇಕ್ಕಟ್ಟು ಅನ್ನಿಸಿತು" ಎಂಬುದಲ್ಲ.

ಓಟದ ಅವಧಿಯನ್ನು ನಿಮಿಷದ ಲೆಕ್ಕದಲ್ಲಿ ಹೋಲಿಸಿ. ನೂರು ನಿಮಿಷದ ಚಿತ್ರ 96 ನಿಮಿಷಕ್ಕೆ ಮುಗಿದರೆ ಕತ್ತರಿ ಬಿದ್ದಿದೆ ಎಂದುಕೊಳ್ಳಬೇಡಿ: 24 ಫ್ರೇಮನ್ನು 25ರ ವೇಗದಲ್ಲಿ ಓಡಿಸುವ ಪಾಲ್ ಮಾಸ್ಟರ್ ಅದು. ಶ್ರುತಿ ತಿದ್ದಿರದಿದ್ದರೆ ಧ್ವನಿ ಒಂದು ಸ್ವರಸ್ಥಾನದ ಮುಕ್ಕಾಲಿಗೆ ಹತ್ತಿರ ಮೇಲೇರಿರುತ್ತದೆ. ಪರಿಚಿತ ಹಾಡು ಕೇಳಿದರೆ ಕಿವಿಗೆ ತಟ್ಟನೆ ತಿಳಿಯುತ್ತದೆ. ಮೂಕಿ ಚಿತ್ರಗಳ ಕಥೆ ಬೇರೆ. ಡ್ರೇಯರ್ ಅವರ 'ದಿ ಪ್ಯಾಷನ್ ಆಫ್ ಜೋನ್ ಆಫ್ ಆರ್ಕ್' (1928) ಸೆಕೆಂಡಿಗೆ 20 ಫ್ರೇಮಿನಲ್ಲಿ 97 ನಿಮಿಷ, 24ರಲ್ಲಿ ಸುಮಾರು 81. ಕ್ರೈಟೀರಿಯನ್, ಮಾಸ್ಟರ್ಸ್ ಆಫ್ ಸಿನಿಮಾ ಎರಡೂ ಬ್ಲೂ-ರೇಗಳಲ್ಲಿ ಎರಡೂ ವೇಗ ಇವೆ. ನಿಜಕ್ಕೂ ಬೇರೆ ಕಟ್ ಇರುವುದೂ ಉಂಟು: 'ಆಂದ್ರೆಯ್ ರುಬ್ಲ್ಯೋವ್' 183 ನಿಮಿಷದ್ದೊಂದು, 205ರದ್ದೊಂದು. ಯಾವುದನ್ನು ನೋಡಿದಿರಿ ಎಂದು ಬರೆಯದಿದ್ದರೆ ನಿಮ್ಮ ಮಾತಿಗೆ ನೆಲೆಯಿಲ್ಲ.

ಬಿಟ್‌ರೇಟ್

ಬಿಟ್‌ರೇಟ್ ಎಂದರೆ ಚಿತ್ರದ ಒಂದು ಸೆಕೆಂಡಿಗೆ ಸಿಕ್ಕ ದತ್ತಾಂಶ. ಸೂತ್ರ: ಚಿತ್ರದ ಕಡತದ ಜಿಬಿಯನ್ನು 8000ದಿಂದ ಗುಣಿಸಿ, ಸೆಕೆಂಡುಗಳಿಂದ ಭಾಗಿಸಿ. 120 ನಿಮಿಷಕ್ಕೆ 30 ಜಿಬಿ ಎಂದರೆ 33 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್), ಆರಾಮ. ಮೂರು ಗಂಟೆಗೆ 15 ಜಿಬಿ ಎಂದರೆ 11, ಗ್ರೇನ್ ಉಳಿಯುವುದು ಕಷ್ಟ. ಬ್ಲೂ-ರೇ ವಿಡಿಯೋದ ಮೇಲ್ಮಿತಿ 40. ಸಂಖ್ಯೆಯೇ ಎಲ್ಲವೂ ಅಲ್ಲ. ಕಪ್ಪು ಪಟ್ಟಿ ಹೆಚ್ಚಿದ್ದಷ್ಟೂ ಕಡಿಮೆ ಸಾಕು, ಮತ್ತು ಒಳ್ಳೆಯ ಎನ್‌ಕೋಡರ್ 25ರಲ್ಲಿ ಮಾಡುವುದನ್ನು ಕೆಟ್ಟವರು 35ರಲ್ಲೂ ಮಾಡಲಾರರು. ಪುಸ್ತಿಕೆಯಲ್ಲಿ ಕೆಲವೊಮ್ಮೆ ಎನ್‌ಕೋಡ್ ಮಾಡಿದವರ ಹೆಸರಿರುತ್ತದೆ. ಫಿಡೆಲಿಟಿ ಇನ್ ಮೋಷನ್ ಎಂಬ ಹೆಸರು ಕಂಡರೆ ಸಂಗ್ರಾಹಕರು ನಿಶ್ಚಿಂತರಾಗುತ್ತಾರೆ.

ಧ್ವನಿ, ಸಬ್‌ಟೈಟಲ್

ಮೊನೊದಲ್ಲಿ (ಒಂದೇ ಧ್ವನಿಧಾರೆಯಲ್ಲಿ) ಬಿಡುಗಡೆಯಾದ ಚಿತ್ರವನ್ನು ಮೊನೊದಲ್ಲೇ ಕೇಳಿ. ಮೆನುವಿನಲ್ಲಿ 5.1 (ಸುತ್ತಲಿನ ಸ್ಪೀಕರುಗಳ ಧ್ವನಿ) ತಾನಾಗಿ ಆಯ್ಕೆಯಾಗಿದ್ದರೆ ಬದಲಿಸಿ. ಸೌಂಡ್‌ಬಾರಿನ ಸರೌಂಡ್, ನೈಟ್ ಮೋಡ್ ಆಫ್ ಮಾಡಿ. ಹಳೆಯ ಆಪ್ಟಿಕಲ್ ಧ್ವನಿಪಟ್ಟಿಯಲ್ಲಿ ಹಿಸ್ (ಹಿನ್ನೆಲೆಯ ಸುಯ್ ಸದ್ದು) ಸ್ವಲ್ಪ ಇರಲೇಬೇಕು. ಹಿಸ್ ಪೂರ್ತಿ ಇಲ್ಲವಾಗಿ, ಸ-ಶಗಳು ಮೊಂಡಾಗಿ, ಮಾತು ನಿಂತೊಡನೆ ಬಾವಿಯ ಮೌನ ಬಿದ್ದರೆ ಶೋಧನೆ ಅತಿಯಾಗಿದೆ.

ಸಬ್‌ಟೈಟಲ್ ಬಗ್ಗೆ ಕನ್ನಡ ಬಲ್ಲವರು ಬರೆಯಲೇಬೇಕಾದ್ದು ಬಹಳ ಇದೆ, ಏಕೆಂದರೆ ಕನ್ನಡ ಚಿತ್ರದ ಇಂಗ್ಲಿಷ್ ಸಾಲನ್ನು ಅಳೆಯುವುದು ಲಂಡನ್ನಿನ ವಿಮರ್ಶಕರಿಂದ ಆಗದ ಕೆಲಸ. ಹಾಡುಗಳಿಗೆ ಅನುವಾದ ಇದೆಯೇ? ಏಕವಚನ ಬಹುವಚನಕ್ಕೆ ತಿರುಗುವ ಕ್ಷಣ ಇಂಗ್ಲಿಷಿನಲ್ಲಿ ಹೇಗಾದರೂ ದಾಟಿದೆಯೇ? 'ಘಟಶ್ರಾದ್ಧ' ಎಂಬ ಹೆಸರಿನಲ್ಲಿರುವ, ಬದುಕಿರುವವಳಿಗೆ ಮಾಡುವ ಶ್ರಾದ್ಧ ಎಂಬ ಕ್ರೌರ್ಯವೆಲ್ಲ 'ದಿ ರಿಚುಯಲ್' ಎಂಬ ಇಂಗ್ಲಿಷ್ ಹೆಸರಿನಲ್ಲಿ ಆವಿಯಾಗಿದೆ. ಸಾಲುಸಾಲಿನಲ್ಲಿ ಇನ್ನೆಷ್ಟು ಹೋಗಬಹುದೆಂದು ಅದರಿಂದಲೇ ಊಹಿಸಬಹುದು. ನಿಮಿಷ ನಮೂದಿಸಿ, ಮೂಲ ಮಾತನ್ನೂ ಅನುವಾದವನ್ನೂ ಪಕ್ಕಪಕ್ಕ ಬರೆಯಿರಿ.

ಹೋಲಿಸುವುದು, ಬರೆಯುವುದು

ನೆನಪಿನಿಂದ ಹೋಲಿಸಬೇಡಿ. ಮೂರು ವರ್ಷದ ಹಿಂದೆ ಬೇರೆ ಟಿವಿಯಲ್ಲಿ ನೋಡಿದ ಡಿವಿಡಿ ನೆನಪಿನಲ್ಲಿ ಯಾವಾಗಲೂ ಚೆನ್ನಾಗಿರುತ್ತದೆ. ಕ್ಯಾಪ್ಸ್-ಎ-ಹಾಲಿಕ್, ಡಿವಿಡಿಬೀವರ್ ತಾಣಗಳಲ್ಲಿ ಬೇರೆಬೇರೆ ಆವೃತ್ತಿಗಳ ಫ್ರೇಮುಗಳು ಸಿಗುತ್ತವೆ. ಅಲ್ಲಿ ಮೂರು ಎಚ್ಚರ: ಅದೇ ಫ್ರೇಮ್ ಆಗಿರಲಿ; ಕುಗ್ಗಿಸದೆ ಪೂರ್ಣ ಅಳತೆಯಲ್ಲಿ ನೋಡಿ, ಜೆಪೆಗ್‌ಗಿಂತ ಪಿಎನ್‌ಜಿ ಮೇಲು; ಎಚ್‌ಡಿಆರ್ ಡಿಸ್ಕಿನ ಫ್ರೇಮ್ ಸಾಮಾನ್ಯ ಮಾನಿಟರಿನಲ್ಲಿ ಮಂಕಾಗಿಯೋ ಕಪ್ಪಾಗಿಯೋ ಕಾಣುವುದರಿಂದ ಅದರಿಂದ ಬಣ್ಣ ನಿರ್ಧರಿಸಬೇಡಿ. ಟಿವಿಯ ಮುಂದೆ ಮೊಬೈಲ್ ಹಿಡಿದು ತೆಗೆದ ಫೋಟೊ ಯಾವುದಕ್ಕೂ ಸಾಕ್ಷಿಯಲ್ಲ.

ಬರೆಯುವಾಗ ಮೊದಲ ಎರಡು ಸಾಲಿನಲ್ಲೇ ಸಂಸ್ಥೆ, ದೇಶ, ವರ್ಷ, ರೀಜನ್, ಚೌಕಟ್ಟು, ಅವಧಿ, ನಿಮ್ಮ ಟಿವಿಯ ಅಳತೆ, ಕೂತ ದೂರ ಮುಗಿಸಿ. ಆಮೇಲೆ ಕಂಡದ್ದು, ನಿಮಿಷ ಸಮೇತ. ಹೀಗಿದ್ದರೆ ಸಾಕು: "ಬ್ರಿಟನ್, ರೀಜನ್ ಬಿ, 1.37, ನೆಗೆಟಿವ್‌ನಿಂದ 4ಕೆ. 55 ಇಂಚು, ಎರಡು ಮೀಟರ್. ಗ್ರೇನ್ ಸಹಜ, ಮುಖಗಳಲ್ಲಿ ಮೇಣವಿಲ್ಲ. 42ನೇ ನಿಮಿಷದ ಮಂಜಿನ ದೃಶ್ಯದಲ್ಲಿ ಬಲಮೂಲೆಯಲ್ಲಿ ಚೌಕ ಕಾಣುತ್ತದೆ, ಎನ್‌ಕೋಡಿಂಗ್ ತಪ್ಪು. 67ರಿಂದ 70ರವರೆಗೆ ಮೆತ್ತಗಿದೆ, ಅದು ಡ್ಯೂಪ್‌ನಿಂದ ಬಂದದ್ದೆಂದು ಪುಸ್ತಿಕೆ ಹೇಳುತ್ತದೆ. ಹಳೆಯ ಡಿವಿಡಿ ಇದ್ದವರು ಬದಲಿಸಬಹುದು. 2012ರ ಬ್ಲೂ-ರೇ ಇದ್ದವರಿಗೆ ಅವಸರವಿಲ್ಲ." ಚಿತ್ರ ಇಷ್ಟವಾಯಿತೇ ಎಂಬುದನ್ನು ಬೇರೆ ಪ್ಯಾರಾದಲ್ಲಿ ಇಡಿ. ಮೇರುಕೃತಿಯ ಕೆಟ್ಟ ಡಿಸ್ಕ್ ಕೆಟ್ಟ ಡಿಸ್ಕೇ.

ಡಿಸ್ಕ್ ಕೈಗೆ ಬಂದ ಮೇಲೆ

ಬಂದ ವಾರದಲ್ಲೇ ಪೂರ್ತಿ ಓಡಿಸಿ, ಬದಲಿ ಕೇಳುವ ಗಡುವು ದಾಟುವ ಮುನ್ನ. ಎರಡು ಪದರದ ಡಿಸ್ಕಿನಲ್ಲಿ ಪದರ ಬದಲಾಗುವ ನಡುಭಾಗವನ್ನೂ ಕೊನೆಯ ಹತ್ತು ನಿಮಿಷವನ್ನೂ ವಿಶೇಷವಾಗಿ ಗಮನಿಸಿ.

ಬ್ಲೂ-ರೇಯ ದತ್ತಾಂಶ ಮೇಲ್ಮೈಯಿಂದ ಕೇವಲ 0.1 ಮಿ.ಮೀ. ಆಳದಲ್ಲಿದೆ, ಡಿವಿಡಿಯಲ್ಲಿ ಅದು 0.6. ಗಟ್ಟಿ ಲೇಪನ ಇದ್ದರೂ ಆಳದ ಗೀರು ತಡೆಯದು. ಒರೆಸುವಾಗ ಮೈಕ್ರೋಫೈಬರ್ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರ ಎಳೆಯಿರಿ. ದುಂಡಗೆ ತಿಕ್ಕಿದರೆ ಬೀಳುವ ಗೀರು ದತ್ತಾಂಶದ ಸುರುಳಿಯ ಉದ್ದಕ್ಕೂ ಸಾಗುತ್ತದೆ, ಒಂದೇ ಕಡೆ ಅಷ್ಟು ಮಾಹಿತಿ ಹೋದರೆ ಪ್ಲೇಯರಿನ ತಪ್ಪು ತಿದ್ದುವ ಲೆಕ್ಕಾಚಾರಕ್ಕೆ ಅದನ್ನು ತುಂಬಲಾಗುವುದಿಲ್ಲ. ಅಡ್ಡ ಗೀರು ಒಂದೊಂದು ಸುತ್ತಿನಲ್ಲಿ ಚೂರು ಚೂರಷ್ಟೇ ಕೆಡಿಸುತ್ತದೆ.

ಕರಾವಳಿ, ಮಲೆನಾಡಿನ ಮನೆಗಳಲ್ಲಿ ಡಿಸ್ಕಿಗಿಂತ ಮೊದಲು ಬೂಷ್ಟು ಹಿಡಿಯುವುದು ರಟ್ಟಿನ ಪೆಟ್ಟಿಗೆ ಮತ್ತು ಪುಸ್ತಿಕೆ. ಹೊರಗೋಡೆಗೆ ತಾಗಿದ ಕಪಾಟು ಬೇಡ. ಡಿಸ್ಕುಗಳನ್ನು ನೆಟ್ಟಗೆ ನಿಲ್ಲಿಸಿ, ಮಳೆಗಾಲ ಹಿಡಿಯುವ ಮುನ್ನ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಎತ್ತಿಡಿ, ತಿಂಗಳಿಗೊಮ್ಮೆ ತೆರೆದು ಪೊಟ್ಟಣದ ಬಣ್ಣ ನೋಡಿ ಬದಲಿಸಿ. ರಟ್ಟಿನ ತೋಳಿನೊಳಗೆ ಬಿಗಿಯಾಗಿ ಸಿಕ್ಕಿಸಿದ ಡಿಸ್ಕನ್ನು ತೆಗೆದು ಬೇರೆ ಪ್ಲಾಸ್ಟಿಕ್ ಕೇಸಿಗೆ ಹಾಕಿ, ರಟ್ಟನ್ನು ಖಾಲಿಯಾಗಿ ಪಕ್ಕದಲ್ಲಿಡಿ.